ನಂಬರ್ ಎಲ್ಲಿ ಹಾಕೋದು?

ಸ್ಟೋರ್‌ಕೀಪರ್ ಒಂದು ಕೈಯಲ್ಲಿ ಬಿಳಿ ಪೇಂಟಿನ ಡಬ್ಬಿ, ಇನ್ನೊಂದರಲ್ಲಿ ಸಣ್ಣ ಬ್ರಷ್ಷು ಹಿಡಿದು ಯೂನಿವರ್ಸಿಟಿ ಲೈಬ್ರರಿಯೊಳಗೆ ಬಂದು, "ಎಲ್ಲಿದೆ ಮೇಡಂ ಆ ಸಾಫ್ಟ್‌ವೇರು?" ಎಂದ.

ಲೈಬ್ರೇರಿಯನ್ ಕಂಪ್ಯೂಟರ್ ಕಡೆ ಕೈ ತೋರಿಸಿದಳು. ಅವನು ಪರದೆಯನ್ನು ನೋಡಿದ, ಅದರ ಬೆನ್ನು ನೋಡಿದ, ಬಗ್ಗಿ ಮೇಜಿನ ಕೆಳಗೂ ನೋಡಿದ. ಕಂಪ್ಯೂಟರಿಗೆ ಆಗಲೇ ಒಂದು ನಂಬರಿತ್ತು, ಅವನೇ ಬರೆದದ್ದು. ದುಡ್ಡು ಕೊಟ್ಟು ತಂದ ಯಾವ ಸಾಮಾನೂ ಅವನ ಬ್ರಷ್ಷಿನಿಂದ ತಪ್ಪಿಸಿಕೊಂಡಿರಲಿಲ್ಲ. ಪ್ರಾಣಿಶಾಸ್ತ್ರ ವಿಭಾಗದ ಆಮೆ ಕೂಡ ಚಿಪ್ಪಿನ ಮೇಲೆ ಆರಂಕಿಯ ನಂಬರು ಹೊತ್ತು ತಿರುಗುತ್ತಿತ್ತು. ನಂಬರಿಲ್ಲದ ಸಾಮಾನಿಗೆ ಅವನ ಸೀಲು ಬೀಳುತ್ತಿರಲಿಲ್ಲ, ಸೀಲು ಬೀಳದೆ ದುಡ್ಡು ಹೊರಡುತ್ತಿರಲಿಲ್ಲ.

ಈ ದುಡ್ಡು ತಿಂಗಳೊಳಗೆ ಹೊರಡಲೇಬೇಕಿತ್ತು. ಲೈಬ್ರರಿಯ ಎಂಬತ್ತು ಸಾವಿರ ಪುಸ್ತಕಗಳಲ್ಲಿ ಯಾವುದು ಯಾವ ಕಪಾಟಿನಲ್ಲಿದೆ, ಯಾವುದು ಯಾರ ಕೈಯಲ್ಲಿದೆ ಎಂದು ಗೊತ್ತಿದ್ದದ್ದು ಆ ಓಪನ್ ಸೋರ್ಸ್ ಸಾಫ್ಟ್‌ವೇರಿಗೆ ಮಾತ್ರ. ಯಾರು ಬೇಕಾದರೂ ಪುಕ್ಕಟೆ ಬಳಸಲಿ ಎಂದು ಎಲ್ಲೋ ದೂರದ ಊರಿನಲ್ಲಿ ಒಬ್ಬಾತ ಬರೆದು ಬಿಟ್ಟದ್ದು. ಯೂನಿವರ್ಸಿಟಿ ಅದನ್ನು ಹನ್ನೊಂದು ವರ್ಷ ಬಳಸಿತು, ಕೆಟ್ಟಾಗಲೆಲ್ಲ ಅವನಿಂದಲೇ ರಿಪೇರಿ ಮಾಡಿಸಿಕೊಂಡಿತು, ಬಿಡಿಗಾಸು ಬಿಚ್ಚಲಿಲ್ಲ. ಈಗ ಆತ ಕಾಗದ ಹಾಕಿದ್ದ. ಬಳಸುವವರು ವರ್ಷಕ್ಕಿಷ್ಟು ಎಂದು ಕೊಟ್ಟರೆ ಮುಂದುವರಿಸುತ್ತೇನೆ, ಇಲ್ಲದಿದ್ದರೆ ಬರುವ ತಿಂಗಳಿಂದ ಬೇರೆ ಕೆಲಸ ನೋಡಿಕೊಳ್ಳುತ್ತೇನೆ. ಪುಕ್ಕಟೆ ಸಿಗುವುದಕ್ಕೆ ದುಡ್ಡು ಯಾಕೆ ಎಂದು ಮೂರು ಸಲ ವಾಪಸು ಕಳಿಸಿದ ರಿಜಿಸ್ಟ್ರಾರರ ಹತ್ತಿರ, ನಾಲ್ಕನೆಯ ಸಲ ಅವರು ಊಟಕ್ಕೆ ಏಳುವ ಹೊತ್ತು ನೋಡಿ ಹೋಗಿ ಲೈಬ್ರೇರಿಯನ್ ಸಹಿ ಹಾಕಿಸಿಕೊಂಡಿದ್ದಳು. ಉಳಿದದ್ದು ಈ ಸೀಲು ಒಂದೇ.

"ಅದು ಮುಟ್ಟೋಕೆ ಸಿಗಲ್ಲ ಸಾರ್," ಎಂದಳು.

"ಆಡಿಟ್‌ನವರು ಮುಟ್ಟೇ ನೋಡೋದು ಮೇಡಂ. ಎಲ್ಲಿ ಅಂದ್ರೆ ನಾನೇನು ತೋರಿಸ್ಲಿ?"

"ಬಾಗಿಲ ಹತ್ರದ ಕಂಪ್ಯೂಟರಲ್ಲಿ ದಿನಾ ಪತ್ತೇದಾರಿ ಕಾದಂಬರಿ ಹುಡುಕ್ತೀರಲ್ಲ, ಹನ್ನೊಂದು ವರ್ಷದಿಂದ ಹುಡುಕಿ ಕೊಡ್ತಿರೋದು ಇದೇ."

"ಹನ್ನೊಂದು ವರ್ಷದಿಂದ?" ಅವನಿಗೆ ನಿಜಕ್ಕೂ ಬೇಜಾರಾಯಿತು. "ನಂಬರಿಲ್ದೆ?"

ತುಸು ಹೊತ್ತು ತಲೆ ಕೆರೆದುಕೊಂಡು ಅವನೇ ಒಂದು ದಾರಿ ಹೇಳಿದ. ಒಳಗೆ ಏನಾದರೂ ಇರಲಿ, ಪೆಟ್ಟಿಗೆಯಲ್ಲಿ ಬಂದರೆ ಪೆಟ್ಟಿಗೆಯ ಮೇಲೆ ಬರೆಯಬಹುದು. ಲೈಬ್ರೇರಿಯನ್ ನಾಚಿಕೊಳ್ಳುತ್ತಲೇ ಸಾಫ್ಟ್‌ವೇರಿನವನಿಗೆ ವಿಷಯ ತಿಳಿಸಿದಳು. ಒಂಬತ್ತನೆಯ ದಿನ ಅಂಚೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು, ಒಂದು ಜೊತೆ ಬೂಟು ಹಿಡಿಯುವಷ್ಟು ದೊಡ್ಡದು.

ಸ್ಟೋರ್‌ಕೀಪರ್ ಅವಳೆದುರಿಗೇ ಅದನ್ನು ಬಿಚ್ಚಿದ. ಒಳಗೆ ಒಂದು ಚೀಟಿ ಬಿಟ್ಟರೆ ಬೇರೇನಿಲ್ಲ. "ಇದರಲ್ಲಿ ಏನೂ ಇಲ್ಲ. ಕಳಿಸಬೇಕಾದದ್ದನ್ನೆಲ್ಲ ಹನ್ನೊಂದು ವರ್ಷದಿಂದ ಕಳಿಸುತ್ತಲೇ ಇದ್ದೇನೆ." ಅವನು ಎರಡು ಸಲ ಓದಿ, ಚೀಟಿಯನ್ನು ಮಡಿಸಿ ಒಳಗಿಟ್ಟು, ಪೆಟ್ಟಿಗೆ ಮುಚ್ಚಿದ. ಆಮೇಲೆ ಉಸಿರು ಬಿಗಿಹಿಡಿದು ಅದರ ಮೇಲೆ ದುಂಡಗೆ ನಂಬರು ಬರೆದ. ಬಿಲ್ಲಿಗೆ ಸೀಲು ಬಿತ್ತು.

"ಅಬ್ಬ, ಇನ್ನು ವರ್ಷಾ ವರ್ಷಾ ಈ ತಾಪತ್ರಯ ಇರಲ್ಲ ಅನ್ನಿ," ಎಂದಳು ಲೈಬ್ರೇರಿಯನ್.

ವರ್ಷಾ ವರ್ಷಾ ಅಂದರೇನು ಎಂದು ಅವನು ಕೇಳಿದ. ದುಡ್ಡು ಪ್ರತಿ ವರ್ಷವೂ ಕಟ್ಟಬೇಕು ಎಂದು ಅವಳು ಹೇಳಿದಳು. ಅವನು ಆಗುವುದಿಲ್ಲ ಎಂದು ತಲೆಯಾಡಿಸಿದ. ಒಂದು ಸಾಮಾನು ಗಟ್ಟಿಮುಟ್ಟಾಗಿರುವಾಗ ಅದನ್ನೇ ಇನ್ನೊಂದು ಸಲ ಕೊಳ್ಳುವ ಹಾಗಿಲ್ಲ. ಕೆಟ್ಟಿದ್ದರೆ, ಒಡೆದಿದ್ದರೆ ಆ ಮಾತು ಬೇರೆ. ಪೆಟ್ಟಿಗೆಗೆ ಏನಾಗಿದೆ, ಕಲ್ಲಿನ ಹಾಗಿದೆ.

ಲೈಬ್ರೇರಿಯನ್ ಕುರ್ಚಿಯಲ್ಲಿ ಕೂತಳು. ಅವನು ಹೊರಟವನು ಬಾಗಿಲ ಹತ್ತಿರದ ಕಂಪ್ಯೂಟರಿನ ಮುಂದೆ ನಿಂತ. ಎಂದಿನಂತೆ ಒಂದೇ ಬೆರಳಲ್ಲಿ ಯಾವುದೋ ಕಾದಂಬರಿಯ ಹೆಸರು ಕುಟ್ಟಿದ. ಎರಡನೇ ಭಾಗ ಬಂದಿತ್ತು, ಏಳನೇ ಕಪಾಟು, ಮೂರನೇ ಖಾನೆ. ಅವನು ಆ ಸಾಲನ್ನೇ ನೋಡುತ್ತ ನಿಂತಿದ್ದು, ತಿರುಗಿ ಬಂದು, ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಿನ ಕೋಣೆಗೆ ನಡೆದ. ಹೋದ ವರ್ಷ ಹಳೆಯ ಪೇಪರುಗಳ ಎರಡು ಬೀರು ಗೆದ್ದಲಿಗೆ ಹೋಗಿದ್ದು ಆ ಕೋಣೆಯಲ್ಲಿಯೇ. ಲೈಬ್ರೇರಿಯನ್ ಹಿಂದೆಯೇ ಓಡಿದಳು.

ಅವನು ತೇವಕ್ಕೆ ಉಬ್ಬಿದ ಗೋಡೆಯ ಬುಡಕ್ಕೆ ಪೆಟ್ಟಿಗೆಯನ್ನು ಒತ್ತಿ ಇಟ್ಟ.

"ಇಲ್ಲಿಂದ ಅಲ್ಲಾಡಿಸ್ಬೇಡಿ ಮೇಡಂ," ಎಂದ. "ವರ್ಷದೊಳಗೆ ನಿಮ್ಮ ಸಾಫ್ಟ್‌ವೇರಿಗೆ ಗೆದ್ದಲು ಹಿಡಿಯುತ್ತೆ. ಹಿಡಿದ ತಕ್ಷಣ ಹೊಸದಕ್ಕೆ ಬರೆದು ಕೊಡಿ."

ಮತ್ತೆ ಬಗ್ಗಿ, ಆಡಿಟ್‌ನವರಿಗೆ ನಂಬರು ಕಾಣುವಂತೆ ಅದನ್ನು ತಿರುಗಿಸಿಟ್ಟ.