ಎರಡು ಸರಕ್ಕೂ ಒಂದೇ ತಗ್ಗು

ಅಚ್ಚಿನಲ್ಲಿ ಎರಕ ಹೊಯ್ದ ಸರವನ್ನು ‘ಕೈಕೆಲಸದ ಪುರಾತನ ಮಾದರಿ’ ಎಂದು ಫಲಕ ಹಾಕಿ ಮಾರುವ ನಮ್ಮೂರ ಚಿನ್ನದಂಗಡಿಯವರೇ, ನೀವು ಸುಳ್ಳು ಹೇಳುತ್ತಿದ್ದೀರಿ.

ಇಂದು ತಾಮ್ರದ ಚೊಂಬು ತಿಕ್ಕುವಾಗ ಹುಣಸೆಹುಳಿಯ ವಾಸನೆ ನನ್ನನ್ನು ಮಾಗಡಿಯ ಅಜ್ಜಿಮನೆಗೆ ಕರೆದೊಯ್ಯಿತು. ಅಜ್ಜಿಯ ಗುಂಡಿನ ಸರ ಅಮ್ಮನ ಪಾಲಾಗಿತ್ತು. ತನ್ನ ಮದುವೆಗೂ ಅಂಥದ್ದೇ ಬೇಕೆಂದು ಚಿಕ್ಕಮ್ಮ ಹಟ ಹಿಡಿದಿದ್ದಳು. ಅಕ್ಕಸಾಲಿ ಆಚಾರಿ ನಮ್ಮ ಜಗಲಿಯಲ್ಲೇ ಕುಳಿತು, ಹಳೆಯ ಸರವನ್ನು ಮುಂದಿಟ್ಟುಕೊಂಡು ಒಂದೊಂದೇ ಗುಂಡನ್ನು ಬಡಿದು ಮಾಡಿ, ಹೊಸ ಸರವನ್ನು ಹುಣಸೆ ನೀರಿನಲ್ಲಿ ತೊಳೆದು ಕೊಟ್ಟರು.

“ಏನ್ ಆಚಾರ್ರೆ, ಹೊಸ ಗುಂಡ್ನಲ್ಲೂ ತಗ್ಗಾ?” ಎಂದಳು ಅಜ್ಜಿ.

“ಹಳೇದ್ರಲ್ಲಿ ಐತಲ್ಲವ್ವ, ಡಿಸೈನು ಅನ್ಕಂಡೆ.”

ಅಜ್ಜಿ ನಗುತ್ತ ಚಿಕ್ಕಮ್ಮನತ್ತ ತಿರುಗಿದಳು. “ಅಯ್ಯೋ, ಅದು ನಿಮ್ಮಕ್ಕ ಕೂಸಾಗಿದ್ದಾಗ ಕಚ್ಚಿದ್ದು ಕಣವ್ವ! ತಿದ್ದಿಸ್ಲಾ?”

“ಬ್ಯಾಡ. ಅಕ್ಕಂದು ಹೆಂಗೈತೋ ಹಂಗೇ ಇರ್ಲಿ.”

ಚಿಕ್ಕಮ್ಮ ಸರವನ್ನು ಆಗಲೇ ಕೊರಳಿಗೆ ಹಾಕಿಕೊಂಡಿದ್ದಳು.

ನಿಮ್ಮ ಸರವನ್ನು ಮಾಡಿದ ಕೈ ಯಾರದೆಂದು ದಯವಿಟ್ಟು ತಿಳಿಸಿ. ತಿಳಿಸಲಾಗದಿದ್ದರೆ, ಆ ಫಲಕವನ್ನು ಕೂಡಲೇ ಇಳಿಸಬೇಕೆಂದು ಕೋರುತ್ತೇನೆ.