ಎಡಗಡೆಯ ದೀಪ

ಗೇಟಿನ ಇಳಿಜಾರಿನಲ್ಲೇ ಕಾರು ಎರಡು ಸಲ ನಿಂತುಹೋಯಿತು. ಮೂರನೆಯ ಸಲ ಕಪ್ಪೆಯ ಹಾಗೆ ಕುಪ್ಪಳಿಸಿ ಒಳಗೆ ಬಂತು.

“ಅಣ್ಣಾ, ಕದ್ದ ಮಾಲೇ ಇರಬೇಕು,” ಎಂದಳು ಕಿಟಕಿ ಬಳಿಯ ಮೇಜಿನಲ್ಲಿ ಕೂತಿದ್ದ ತಂಗಿ. “ಓಡಿಸೋಕೇ ಬರಲ್ಲ ಪುಣ್ಯಾತ್ಮಂಗೆ.”

ಅಣ್ಣ ಆಗಲೇ ಮೈಯೆಲ್ಲ ಕಿವಿಯಾಗಿದ್ದ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನಷ್ಟೇ ಕೊಂಡು ಮಾರುವ ವ್ಯಾಪಾರ ಅವನದು. ಸದ್ದು ಕೇಳಿಯೇ ಕಾರಿನ ಜಾತಕ ಹೇಳುತ್ತಾನೆಂದು ಪೇಟೆಯವರು ಅವನಿಗೆ ಕಿವಿಯಣ್ಣ ಎಂದು ಹೆಸರಿಟ್ಟಿದ್ದರು. ಈ ಹಳದಿ ಕಾರಿನ ಎಂಜಿನ್ನು ಗಟ್ಟಿಮುಟ್ಟಾಗಿತ್ತು. ಬಳಲಿದ್ದವನು ಅದನ್ನು ತಂದವನು.

ಐವತ್ತು ದಾಟಿದ ಮನುಷ್ಯ. ಸೀಟಿಗೆ ಒರಗದೆ ತುದಿಯಲ್ಲೇ ಕೂತು ಬಂದಿದ್ದ. ಇಳಿದವನೇ ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿಕೊಂಡ.

“ನೀವು ನಾಲ್ಕನೆಯವರು ಸ್ವಾಮಿ,” ಎಂದ. “ಇವತ್ತು ಐದರೊಳಗೆ ಆಗಲೇಬೇಕು. ಕೈ ಮುಗೀತೀನಿ, ಚೆನ್ನಾಗಿ ನೋಡಿ.”

“ಮೊದಲಿನ ಮೂವರು ಏನಂದ್ರು?”

“ಒಬ್ಬರು ಕಾರು ಮುಟ್ಟಲೇ ಇಲ್ಲ. ಇನ್ನಿಬ್ಬರು ಬಾಯಲ್ಲಿ ಏನೇನೋ ಅಂದ್ರು. ಕಾಗದದ ಮೇಲೆ ಒಂದಕ್ಷರ ಬರೆಯಲ್ಲ ಅಂದ್ರು.”

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ತಂಗಿ ದಾಖಲೆ ತೆಗೆದುಕೊಂಡು ಹೆಸರು, ಫೋಟೋ, ನಂಬರು ತಾಳೆ ನೋಡಿದಳು. ಎಲ್ಲ ಅವನದೇ. ಅಷ್ಟು ನೋಡಿ ಮಡಚಿಟ್ಟಳು. “ಕಳ್ಳನಲ್ಲ ಬಿಡಣ್ಣ,” ಎಂದು ಕಣ್ಣಲ್ಲೇ ನಕ್ಕಳು.

“ಬಾನೆಟ್ ತೆಗೀರಿ,” ಎಂದ ಕಿವಿಯಣ್ಣ.

ಬಂದವನು ಸ್ಟಿಯರಿಂಗಿನ ಕೆಳಗೆ ತಡಕಾಡಿದ. ಡಿಕ್ಕಿ ತೆರೆದುಕೊಂಡಿತು. ಕೊನೆಗೆ ಕಿವಿಯಣ್ಣನೇ ಕೈ ಹಾಕಿ ತೆರೆದ. ದುಡ್ಡಿದ್ದವರ ಹುಚ್ಚು, ಹೊಟ್ಟೆಯೊಳಗೇನಿದೆ ಅಂತ ಗೊತ್ತಿಲ್ಲದೆ ಕೊಂಡುಬಿಡುತ್ತಾರೆ ಎಂದುಕೊಂಡ.

ಅಷ್ಟರಲ್ಲಿ ಮಾರಲು ಬಂದವನ ಫೋನು ಬಡಿದುಕೊಂಡಿತು. ಅವನು ಗೋಡೆಯತ್ತ ತಿರುಗಿ ಪಿಸುಗುಟ್ಟಿದ. “ಇಲ್ಲ ಕಣೇ, ಇನ್ನೂ ನೋಡ್ತಿದ್ದಾರೆ. ನೀನು ಅಲ್ಲಿಂದ ಕದಲಬೇಡ. ಬಾಗಿಲು ಹಾಕ್ತೀವಿ ಅಂದ್ರೆ ಕಾಲು ಹಿಡ್ಕೋ.”

ಕಿವಿಯಣ್ಣನಿಗೆ ಕೇಳಿಸಬಾರದಿತ್ತು, ಕೇಳಿಸಿತು. ಆಸ್ಪತ್ರೆಯೋ, ಬ್ಯಾಂಕೋ. ಇಂಥವರನ್ನು ಅವನು ಎಷ್ಟೋ ಕಂಡಿದ್ದ. ಕಷ್ಟಕ್ಕೆ ಮಾರುವವರ ಮುಂದೆ ಅವನ ನಾಲಿಗೆ ತಾನಾಗಿ ಮೆತ್ತಗಾಗುತ್ತಿತ್ತು.

ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರನ್ನು ಬಾಗಿಲಿಗಿಟ್ಟ. ಸರಿಯಾಗಿತ್ತು. ಬಾನೆಟ್‌ಗಿಟ್ಟ. ಅಂಕಿ ದುಪ್ಪಟ್ಟಾಯಿತು. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ತಗಡು ಟಣ್ಣೆನ್ನುವ ಬದಲು ದಪ್ಪಗೆ ಗೊಣಗಿತು. ತಗ್ಗು ಮುಚ್ಚಲು ಬಣ್ಣದಡಿ ಮೆತ್ತಿದ ಪುಟ್ಟಿ. ಎಡಗಡೆಯ ದೀಪದ ಬೆನ್ನಿಗೆ ಟಾರ್ಚು ಹಿಡಿದ. ತಯಾರಾದ ದಿನಾಂಕ ಅಚ್ಚಾಗಿತ್ತು. ಕಾರಿಗಿಂತ ಮೂರು ವರ್ಷ ಚಿಕ್ಕ ದೀಪ. ಮುಂದಿನ ಗಾಜಿನ ಮೂಲೆಯ ಅಚ್ಚೂ ಅದೇ ಕಾಲದ್ದು.

ಮಾರುವವನ ಮುಖ ನೋಡಿದ. ಉಸಿರು ಬಿಗಿಹಿಡಿದು ನಿಂತಿದ್ದ. ಪಾಪ ಅನ್ನಿಸಿತು.

“ಚೆನ್ನಾಗಿದೆ ಬಿಡಿ. ಸಣ್ಣಪುಟ್ಟದ್ದು ಯಾವ ಕಾರಲ್ಲಿ ಇರಲ್ಲ? ತಗೋತೀನಿ.”

ಅವನ ಮುಖ ಬಿಳಿಚಿತು. “ಚೆನ್ನಾಗಿಲ್ಲ!” ಎಂದು ಕೂಗಿಯೇಬಿಟ್ಟ. “ನೀವು ಏನೋ ನೋಡಿದ್ರಿ. ನನಗೆ ಗೊತ್ತು. ಹೇಳಿ ಸ್ವಾಮಿ.”

ತಂಗಿಯ ಪೆನ್ನು ನಿಂತಿತು. ಇಷ್ಟು ವರ್ಷದಲ್ಲಿ ತನ್ನ ಕಾರಿಗೆ ತಾನೇ ಹುಳುಕು ಹುಡುಕುವವನನ್ನು ಆಕೆ ಕಂಡಿರಲಿಲ್ಲ.

“ಮುಂದಿನ ಎಡಭಾಗ ರಿಪೇರಿಯಾಗಿದೆ,” ಎಂದ ಕಿವಿಯಣ್ಣ ನಿಧಾನವಾಗಿ. “ಮುಂದಿನ ಗಾಜೂ ದೀಪವೂ ಆಮೇಲೆ ಹಾಕಿದ್ದು. ಕೆಲಸ ಮಾಡಿದವನು ಗಟ್ಟಿಗ. ಸುಮ್ಮನೆ ನೋಡಿದರೆ ಯಾರಿಗೂ ಗೊತ್ತಾಗಲ್ಲ.”

“ಯಾವಾಗ ಅಂತ ಗೊತ್ತಾಗುತ್ತಾ?”

“ದೀಪ ಹೋದ ವರ್ಷ ಮಾರ್ಚಿನದು.”

“ಹಾಗಾದ್ರೆ ಏಪ್ರಿಲ್‌ನಲ್ಲಿ ಹಾಕಿರಬಹುದು?”

ಕಿವಿಯಣ್ಣ ಟಾರ್ಚು ಆರಿಸಿದ. “ಏಪ್ರಿಲ್ ಅಂತ ನಾನು ಹೇಳಲಿಲ್ಲ. ನೀವು ಹೇಳ್ತಿದ್ದೀರಿ.”

ಅವನು ತಲೆ ತಗ್ಗಿಸಿದ. ಕಿವಿಯಣ್ಣ ಮಂಡಿಯೂರಿ ಕಾರಿನ ಮೂತಿಯ ಒಳಗೆ ಕೈ ಹಾಕಿ ಕಬ್ಬಿಣದ ಪಟ್ಟಿಯನ್ನು ಸವರಿದ. ನೆಟ್ಟಗಿತ್ತು. ಇನ್ನೊಂದು ಗಾಡಿಗೋ ಗೋಡೆಗೋ ಗುದ್ದಿದ್ದರೆ ಅದು ಬಾಗಬೇಕಿತ್ತು. ಬಾಗಿರಲಿಲ್ಲ. ದೀಪ ಒಡೆದು, ಬಾನೆಟ್ ನೆಗ್ಗಿ, ಗಾಜು ಸೀಳಿದ್ದ ಆ ಪೆಟ್ಟು ಕಬ್ಬಿಣದ್ದಲ್ಲ. ಮೆತ್ತಗಿನದೇನೋ. ಭಾರವಿರುವಂಥದ್ದು.

ಕಿವಿಯಣ್ಣ ಎದ್ದು ನಿಂತಾಗ ಮರುಕವೆಲ್ಲ ಇಂಗಿಹೋಗಿತ್ತು.

“ತಗೊಂಡು ಹೋಗಿ ಇದನ್ನ.”

“ಹೋಗ್ತೀನಿ. ಈಗ ಹೇಳಿದ್ದನ್ನೆಲ್ಲ ಬರೆದು, ಸೀಲು ಹಾಕಿಕೊಡಿ. ಅಷ್ಟೇ ಸಾಕು.”

“ತಲೆ ನೆಟ್ಟಗಿದೆಯಾ ನಿಮಗೆ? ಆ ಕಾಗದ ಹಿಡ್ಕೊಂಡು ಹೋದ್ರೆ ಇದನ್ನ ಯಾರೂ ಮೂಸಿ ನೋಡಲ್ಲ!”

“ನೋಡದಿದ್ರೆ ಬೇಡ. ಬರೀರಿ. ಇದರ ಭಾಷೆ ಓದೋರು ನಿಮ್ಮಂಥ ವ್ಯಾಪಾರದವರಷ್ಟೇ. ಬೇರೆಯವರ ಮಾತು ನಡೆಯಲ್ಲ ಅಂದ್ರು.” ಅವನು ಬಾಗಿ ಕಿವಿಯಣ್ಣನ ಗ್ರೀಸು ಮೆತ್ತಿದ ಕೈಗಳನ್ನೇ ಹಿಡಿದುಕೊಂಡ. “ಅಲ್ಲಿ ಅವಳು ಒಬ್ಬಳೇ ಕೂತಿದ್ದಾಳೆ. ಇನ್ನು ಒಂದು ಗಂಟೆ.”

“ಅಣ್ಣಾ,” ಎಂದಳು ತಂಗಿ, ಈಗ ನಗದೆ. “ಪೊಲೀಸರಿಗೆ ಫೋನು ಮಾಡಲಾ?”

“ಮಾಡಿ ತಾಯೀ,” ಎಂದ ಅವನು. “ಎಷ್ಟು ಸಲ ಮಾಡಿದೀನೋ ನಾನು.”

ಕಿವಿಯಣ್ಣನಿಗೆ ಆ ಮಾತು ಹಿಡಿಸಲಿಲ್ಲ, ಅರ್ಥವೂ ಆಗಲಿಲ್ಲ. ಕೈ ಕೊಸರಿಕೊಂಡು ಮೇಜಿನ ಬಳಿ ಹೋದ. ಅಂಗಡಿಯ ಹೆಸರಿದ್ದ ಕಾಗದ ಎಳೆದು ಪೆನ್ನು ಹಿಡಿದ.

“ಬರೀತೀನಿ. ಆದರೆ ಒಂದು ಮಾತಿಗೆ ದೇವರಾಣೆಗೂ ನಿಜ ಹೇಳಬೇಕು. ಹೋದ ವರ್ಷದ ಏಪ್ರಿಲ್‌ನಲ್ಲಿ ಈ ಕಾರು ಯಾರಿಗೆ ಬಡಿಯಿತು?”

“ನನ್ನ ಮಗಳಿಗೆ,” ಎಂದ ಅವನು. “ಕಾರಿಗೆ ಗೀರೂ ಇಲ್ಲ, ಸಾಕ್ಷಿ ಇಲ್ಲ ಅಂತ ಸ್ಟೇಷನ್ನಿನವರು ಇವತ್ತು ಐದಕ್ಕೆ ಕೇಸು ಮುಚ್ತಾರೆ. ಇದನ್ನ ನಾನು ಕೊಂಡದ್ದು ಹೋದ ವಾರ.”