ಸಮಿತಿಗೆ ಬರೆದ ದೂರು

ಬೆನ್ನು ಸವರುವ ಮ್ಯಾನೇಜರನ ಚಾಳಿ ಮಿತಿಮೀರಿದಾಗ ಮೇದಿನಿ ಆಫೀಸಿನ ಆ್ಯಪ್‌ನಲ್ಲಿ ಮಹಿಳಾ ಸಮಿತಿಗೆ ದೂರು ಬರೆದಿದ್ದಳು. ತಿಂಗಳುಗಳು ಉರುಳಿದವು. ಸಮಿತಿಯ ಅಧ್ಯಕ್ಷೆ ಸುಲೋಚನಾ ಮೇಡಂ ತುಟಿಪಿಟಕ್ಕೆನ್ನಲಿಲ್ಲ. ಅಂದಿನಿಂದ ಆ ಹೆಂಗಸು ಎದುರಾದರೆ ಇವಳು ದಾರಿ ಬದಲಿಸುತ್ತಿದ್ದಳು.

ಆವತ್ತು ಮೇದಿನಿ ಅದೇ ಆ್ಯಪ್‌ನ ಹಳೆಯ ಸರ್ವರ್‌ನ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಓದಿ ಹೊಸ ಸರ್ವರ್‌ಗೆ ಹಾಕುತ್ತಿದ್ದಳು. ಮೇಡಂ ಡಬ್ಬಿ ಹಿಡಿದುಕೊಂಡು ಬಂದು ಪಕ್ಕದಲ್ಲೇ ಕೂತರು.

"ತಗೊಳ್ಳೇ, ಮನೇಲಿ ಮಾಡಿದ ಕೋಡುಬಳೆ. ಇವತ್ತು ಸಮಿತಿ ವರದಿ ಕೊಟ್ಬಿಟ್ಟೆ. ವರ್ಷವಿಡೀ ಒಂದೇ ಒಂದು ದೂರಿಲ್ಲ ನೋಡು, ಪುಣ್ಯವಂತ ಆಫೀಸು!"

"ಹಾಗೆ ಬರೆದುಕೊಟ್ಟೂ ನಿಮಗೆ ಕೋಡುಬಳೆ ಗಂಟಲಲ್ಲಿ ಇಳಿಯುತ್ತಲ್ಲ ಮೇಡಂ!"

"ಯಾಕೇ, ಖಾರ ಜಾಸ್ತಿ ಆಗಿದ್ಯಾ?"

"ಥೂ! ಹೆಂಗಸಾಗಿ ನೀವೇ ಹೀಗೆ…"

ಮೇದಿನಿ ತಟ್ಟನೆ ಪರದೆಯ ಕಡೆ ತಿರುಗಿದಳು. ಮಹಿಳಾ ಸಮಿತಿಗೆಂದು ಬರೆದ ದೂರುಗಳನ್ನು ಸರ್ವರ್ ಯಾರಿಗೆ ಕಳಿಸಬೇಕು ಎಂಬ ಸೆಟ್ಟಿಂಗ್ ಕಣ್ಣೆದುರಿಗೇ ಇತ್ತು.

ಅದರ ಮುಂದೆ ಇದ್ದದ್ದು ಒಂದೇ ಹೆಸರು, ಮ್ಯಾನೇಜರನದು.